ದೊಡ್ಡಮ್ಮನ ಏಳು ಶತ್ರುಗಳು

ವಿಜಯನಗರದ ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೊಂದು ವರ್ಷ, ಏಳು ಜನ ಶತ್ರುಗಳು. ಏಳೂ ಮೇಲಿನಿಂದಲೇ ಬೀಳುತ್ತವೆ! ಹೌದು ಸ್ವಾಮಿ, ಏಳು ಆಕಾರದ ಇಟ್ಟಿಗೆ ಬೀಳುವ ಅದೇ ಹಳೇ ವಿಡಿಯೊ ಗೇಮ್. ಸಾಲು ಭರ್ತಿಯಾದರೆ ಮಾಯ, ಆಗದಿದ್ದರೆ ತಲೆಯವರೆಗೆ ರಾಶಿ. ನಾನು ಸ್ಕೂಲಿನಲ್ಲಿದ್ದಾಗ "ಕಣ್ಣು ಹೋಗುತ್ತೆ ಕಣೋ!" ಎಂದು ನನ್ನ ಕೈಯಿಂದ ಕಿತ್ತು ಅದನ್ನು ಅಟ್ಟಕ್ಕೆ ಹಾಕಿದವರೂ ಇವರೇ.

ಕಳೆದ ವರ್ಷ ಲಕ್ವ ಹೊಡೆದು ಅವರ ಎಡಗೈ ಸೋತುಹೋಯಿತು. ಬಿಡದೆ ಕೆಲಸ ಕೊಟ್ಟರೆ ಮಾತ್ರ ಕೈ ಮತ್ತೆ ಬರುತ್ತದೆ ಎಂದರು ಡಾಕ್ಟರು. ವ್ಯಾಯಾಮ ಮಾಡಿಸಲು ಬಂದ ಹುಡುಗಿ ರಬ್ಬರ್ ಚೆಂಡು ಕೊಟ್ಟಳು.

"ಇದನ್ನ ಹಿಸುಕಿದ್ರೆ ಏನಮ್ಮಾ ಬರುತ್ತೆ?"

"ಶಕ್ತಿ ಬರುತ್ತೆ ಆಂಟಿ."

"ಎಷ್ಟು ಬಂತು ಅಂತ ಈ ಚೆಂಡು ಹೇಳುತ್ತಾ?"

ಮರುದಿನವೇ ಅಟ್ಟದಿಂದ ಗೇಮ್ ಇಳಿಯಿತು. ಅದರಲ್ಲಿ ಇಟ್ಟಿಗೆ ಸರಿಸುವ ಗುಂಡಿಗಳೆಲ್ಲ ಎಡಗಡೆ. ಮೊದಲ ದಿನ ಎಡ ಹೆಬ್ಬೆರಳು ಮಿಸುಕಲೇ ಇಲ್ಲ. ಇಟ್ಟಿಗೆಗಳು ತಮ್ಮಷ್ಟಕ್ಕೆ ತಾವೇ ಗೋಪುರ ಕಟ್ಟಿಕೊಂಡು ಆಟ ಮುಗಿಸಿದವು. "ಬಲಗೈಯಲ್ಲಿ ಒತ್ತಿ ದೊಡ್ಡಮ್ಮಾ" ಎಂದೆ.

"ಬಲಗೈಗೆ ಏನಾಗಿದೆಯೋ? ಅದು ಚೆನ್ನಾಗೇ ಇದೆಯಲ್ಲ!" ಎಂದು ಗದರಿ ಮತ್ತೆ ಶುರು ಮಾಡಿದರು. ದಿನಕ್ಕೆ ನಲವತ್ತು ಆಟ, ತಪ್ಪಿಸುವಂತಿಲ್ಲ!

ತಿಂಗಳೊಳಗೆ ಇಟ್ಟಿಗೆಗಳಿಗೆ ನಾಮಕರಣವೂ ಆಯಿತು. ಚೌಕದ್ದು ಮೈಸೂರ್ ಪಾಕ್. ಉದ್ದದ್ದು ಕೋಲು. ಸೊಟ್ಟಗಿರುವ ಎರಡಕ್ಕೆ ಇಬ್ಬರು ನಾದಿನಿಯರ ಹೆಸರು. "ಎಲ್ಲಿ ಕೂರಿಸಿದ್ರೂ ಪಕ್ಕದಲ್ಲೊಂದು ತೂತು ಬಿಡ್ತಾರೆ ಕಣೋ!"

ಚಟ ಮನೆಯಲ್ಲೇ ನಿಂತಿತೇ? ಒಮ್ಮೆ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದೆವು. ಎದುರಿನ ಸೀಟಿನಲ್ಲಿ ಇಬ್ಬರ ನಡುವೆ ಒಂದಿಷ್ಟು ಜಾಗ. "ಸಾರ್, ಸ್ವಲ್ಪ ಎಡಕ್ಕೆ ಬನ್ನಿ. ಆಂಟಿ, ನೀವು ಬಲಕ್ಕೆ. ಏ ಮಗು, ನೀನು ಅಲ್ಲಿ ಕೂತ್ಕೋ!" ಸಾಲು ಭರ್ತಿಯಾಯಿತು. ಆದರೂ ಯಾರೂ ಮಾಯವಾಗಲಿಲ್ಲವೆಂದು ದೊಡ್ಡಮ್ಮನಿಗೆ ಕೊಂಚ ಬೇಸರವಾಯಿತು.

ಒಂದು ದಿನ ಕೇಳಿಯೇಬಿಟ್ಟೆ. "ಈ ಆಟದಲ್ಲಿ ಕೊನೆಗೆ ಎಲ್ಲರೂ ಸೋಲೋದೇ ಅಲ್ವಾ? ಅದೇನ್ ಮಜಾ ನಿಮಗೆ?"

"ಗೆಲ್ಲೋಕೆ ಯಾರು ಆಡ್ತಾರೋ? ಇನ್ನೊಂದು ಸಾಲು ಹೋಗ್ಲಿ ಅಂತ ಆಡೋದು. ತಲೆ ತಿನ್ಬೇಡ, ಕೋಲು ಬಂತು!"

ಇಷ್ಟು ವರ್ಷವಾದರೂ ಜನ ಈ ಆಟವನ್ನು ಯಾಕೆ ಬಿಟ್ಟಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗಂತೂ ಸಿಕ್ಕಿಲ್ಲ.

ಮೊನ್ನೆ ಸೋಮವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಬಾಗಿಲು ತೆಗೆದ ದೊಡ್ಡಪ್ಪ ಸದ್ದು ಮಾಡಬೇಡ ಎಂದು ಸನ್ನೆ ಮಾಡಿದರು. ದೇವರ ಮನೆಯಲ್ಲಿ ದೊಡ್ಡಮ್ಮ ಪೂಜೆಗೆ ಕೂತಿದ್ದರು, ಎಡ ಅಂಗೈಯ ಮೇಲೆ ಇಷ್ಟಲಿಂಗ. ಲಕ್ವ ಹೊಡೆದಾಗಿನಿಂದ ದಿನಾ ಪೂಜೆಯ ಹೊತ್ತಿಗೆ ದೊಡ್ಡಪ್ಪ ಆ ಕೈಯ ಕೆಳಗೆ ತಮ್ಮ ಕೈ ಆಸರೆ ಕೊಟ್ಟು ಹಿಡಿಯುತ್ತಿದ್ದರಂತೆ. ನನಗದು ಗೊತ್ತೇ ಇರಲಿಲ್ಲ.

"ಇವತ್ತು ನೀವು ಆಚೆ ಇರಿ, ನಾನೇ ಹಿಡ್ಕೋತೀನಿ ಅಂದ್ಳು ಕಣೋ" ಎಂದು ಪಿಸುಗುಟ್ಟಿದರು ದೊಡ್ಡಪ್ಪ.

ಅಂಗೈ ಸ್ವಲ್ಪ ನಡುಗುತ್ತಿತ್ತು. ಆದರೆ ಲಿಂಗ ಜಾರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಪಕ್ಕಕ್ಕೆ ತಿರುಗಿದರೆ, ಬಾಗಿಲಲ್ಲಿ ನಿಂತ ದೊಡ್ಡಪ್ಪ ತಮ್ಮ ಬರಿಗೈಯನ್ನು ಇನ್ನೂ ಹಾಗೇ ಚಾಚಿಕೊಂಡಿದ್ದರು.