ಬೀಗರ ಎಂಜಿನ್ನೂ ನಮ್ಮ ಒಗೆಯುವ ಕಲ್ಲೂ

ಬಣ್ಣದ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಬನಹಟ್ಟಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಇದು ನನ್ನ ಅಭಿಪ್ರಾಯ. ಊರಿನವರ ಅಭಿಪ್ರಾಯ ಬೇರೆ ಇದ್ದಿರಬಹುದು. ಆದರೆ ಬದನೆಕಾಯಿಯ ಬಣ್ಣಕ್ಕೂ ನೇರಳೆ ಹಣ್ಣಿನ ಬಣ್ಣಕ್ಕೂ ವ್ಯತ್ಯಾಸ ತಿಳಿಯದವರ ಅಭಿಪ್ರಾಯವನ್ನು ಕಟ್ಟಿಕೊಂಡು ನನಗೇನಾಗಬೇಕಿತ್ತು?

ನಮ್ಮದು ಸೀರೆ ನೇಯಿಸುವ ಮನೆ. ಸೀರೆಯ ಮೈಗೆ ಯಾವ ಬಣ್ಣ, ದಡಿಗೆ, ಅಂದರೆ ಅಂಚಿಗೆ, ಯಾವ ಬಣ್ಣ ಎಂದು ತೀರ್ಪು ಕೊಡುವುದು ನನ್ನ ಕೆಲಸ. ಯಾರಾದರೂ ಬಂದು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಬೇಕು ಎಂದರೆ ನಾನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಒಬ್ಬನ ಹೊಲದ ಉಳ್ಳಾಗಡ್ಡಿ ಇನ್ನೊಬ್ಬನ ಹೊಲದ್ದರಂತೆ ಇರುವುದಿಲ್ಲ. ಬಣ್ಣದ ಹೆಸರು ಹೇಳಬಾರದು, ಎಳೆ ತೋರಿಸಬೇಕು. ನೂಲಿನವರೆಲ್ಲ ಪಾಲಿಸುವ ಪದ್ಧತಿ ಇದು. ನಾನು ಮಾತ್ರ ಅದನ್ನು ಧರ್ಮದ ಮಟ್ಟಕ್ಕೆ ಏರಿಸಿದ್ದೆ.

ಹೀಗಿರುವಾಗ ಬಾಗಲಕೋಟೆಯಿಂದ ನಮ್ಮ ಬೀಗರು ಬಂದರು. ಮಗಳ ಮಾವನವರು. ಆಯುಷ್ಯವೆಲ್ಲ ಉಗಿ ಎಂಜಿನ್ ಓಡಿಸಿ ನಿವೃತ್ತರಾದವರು. ಕಂಬಳಿಯಲ್ಲಿ ಸುತ್ತಿ ಕೂಸಿನಂತೆ ಎತ್ತಿಕೊಂಡು ತಂದದ್ದನ್ನು ಬಿಚ್ಚಿದರೆ, ಒಳಗೆ ಮೊಳದುದ್ದದ ಎಂಜಿನ್! ತಗಡು, ಹಿತ್ತಾಳೆ ಬಡಿದು ತಾವೇ ಮಾಡಿದ್ದು. ಗಾಲಿ ತಿರುಗುತ್ತಿದ್ದವು. ಹೊಗೆ ಕೊಳವೆ ಇತ್ತು. ಚಾಲಕ ತಲೆ ಹೊರಗೆ ಹಾಕುವ ಕಿಂಡಿಯೂ ಇತ್ತು. ಬಣ್ಣವೊಂದೇ ಇರಲಿಲ್ಲ.

ಅವರು ಓಡಿಸುತ್ತಿದ್ದ ಎಂಜಿನ್ನನ್ನು ಆಗಲೇ ಒಡೆದು ಗುಜರಿಗೆ ಹಾಕಿದ್ದರಂತೆ. ಇದ್ದ ಒಂದೇ ಫೋಟೋ ಕಪ್ಪು ಬಿಳುಪಿನದು. ಅವರ ಜೊತೆ ಕಲ್ಲಿದ್ದಲು ತುಂಬುತ್ತಿದ್ದ ಹಳೆಯ ಗೆಳೆಯ ಈ ಪುಟ್ಟ ಎಂಜಿನ್ನನ್ನು ನೋಡಲು ಬರುವವನಿದ್ದ. ನೋಡಿದ ಕೂಡಲೇ ಅವನು ಗುರುತು ಹಿಡಿಯಬೇಕು ಎಂಬುದು ಬೀಗರ ಆಸೆ.

"ಎಂಜಿನ್ ಅಂತೂ ಹೋತ್ರಿ ಬೀಗರ. ಅದರ ಬಣ್ಣ ಆದ್ರೂ ಉಳೀಲಿ. ಅದು ನಿಮ್ಮ ಕೈಯಾಗ ಐತಿ" ಎಂದರು. ಹಾಗೆನ್ನುತ್ತ ಬಣ್ಣದ ಹೆಸರು ಹೇಳಲು ಬಾಯಿ ತೆರೆದರು.

ನಾನು ಕೈ ಎತ್ತಿ ತಡೆದೆ. "ಹೆಸರ ಹೇಳಬ್ಯಾಡ್ರಿ. ನಮೂನಿ ಕೊಡ್ರಿ ಸಾಕು."

ಅವರು ಸಂತೋಷದಿಂದ ಅಂಗಿಯ ಜೇಬಿನಿಂದ ಒಂದು ಪೊಟ್ಟಣ ತೆಗೆದರು. ಒಳಗೆ ಒಂದು ಹಿಡಿ ಹಳೆಯ ನೂಲಿನ ಮುದ್ದೆ. ಎಂಜಿನ್ ಕೆಲಸದವರು ಕೈ ಒರೆಸಿಕೊಳ್ಳುತ್ತಾರಲ್ಲ, ಅಂಥ ವೇಸ್ಟ್ ನೂಲು. ಎಂಜಿನ್ನಿಗೆ ಕಡೆಯ ಸಲ ಬಣ್ಣ ಹಚ್ಚಿದಾಗ ಎತ್ತಿಟ್ಟುಕೊಂಡದ್ದಂತೆ, ಬಣ್ಣ ಇದರಲ್ಲೇ ಇದೆಯಂತೆ. ಇನ್ನೂ ಏನೋ ವಿವರಿಸಲು ಹೊರಟಿದ್ದರು. ನೂಲಿನ ವಿಷಯವನ್ನು ನನಗೆ ಒಬ್ಬ ರೈಲಿನವರು ವಿವರಿಸುವುದೇ! ತಿಳಿಯಿತು ತಿಳಿಯಿತು ಎಂದು ಅವರನ್ನು ಬಸ್ಸು ಹತ್ತಿಸಿ ಬಂದೆ.

ಮುದ್ದೆಯನ್ನು ಬೆಳಕಿಗೆ ಹಿಡಿದೆ. ಮೇಲೆಲ್ಲ ಕರ್ರಗೆ, ಗಟ್ಟಿಯಾಗಿ, ರೊಟ್ಟಿಯ ಹೊತ್ತಿದ ಪದರಿನಂತೆ ಏನೋ ಮೆತ್ತಿಕೊಂಡಿತ್ತು. ಇದು ಎಣ್ಣೆ, ಮಸಿ ಮತ್ತು ರೈಲಿನವರ ಸ್ವಚ್ಛತೆಯ ಮಟ್ಟ ಎಂದು ನಿರ್ಣಯಿಸಿದೆ. ಅದನ್ನು ಬಿಡಿಸಿ ನೋಡಿದರೆ ಒಳಗೊಂದು ಎಳೆ ಇಣುಕಿತು. ದಾಳಿಂಬೆ ಕಾಳಿನಂಥ ಕೆಂಪು. ಸಿಕ್ಕಿತು ನೋಡಿ ಎಂಜಿನ್ನಿನ ಬಣ್ಣ ಅಂದೆ.

ಪಕ್ಕದ ಮನೆಯ ಮಲ್ಲಪ್ಪ ನಮ್ಮ ಕಟ್ಟೆಯ ಮೇಲೆ ಕೂತಿದ್ದ. ಅವನು ಅಲ್ಲಿ ಕೂರದ ದಿನವೇ ಇಲ್ಲ. ಎಂಜಿನ್ ಕಪ್ಪಗಿರುತ್ತದೆ, ಕುಡಚಿ ನಿಲ್ದಾಣದಲ್ಲಿ ಕಣ್ಣಾರೆ ನೋಡಿದ್ದೇನೆ ಎಂದ. ಅದು ಬಣ್ಣವಲ್ಲ, ಹೊಗೆ, ನೀನು ನೋಡಿದ್ದು ಎಂಜಿನ್ನಿನ ಕೊಳೆಯನ್ನು ಎಂದು ತಿಳಿಸಿ ಹೇಳಿದೆ. ರೈಲೇ ಇಲ್ಲದ ಊರಿನವರೊಡನೆ ಎಂಜಿನ್ನಿನ ಮಾತು ಆಡುವುದೇ ತಪ್ಪು. ನಾನಾದರೋ ಎರಡು ಸಲ ರೈಲು ಹತ್ತಿದವನು. ಎರಡೂ ಸಲ ಜಾಗ ಹಿಡಿಯುವ ಗದ್ದಲದಲ್ಲಿ ಎಂಜಿನ್ನಿನ ಕಡೆ ನೋಡಿರಲಿಲ್ಲ, ಆ ಮಾತು ಬೇರೆ.

ಕೊಳೆ ಮುಚ್ಚಿದ ನಮೂನೆ ನಮೂನೆಯೇ ಅಲ್ಲ. ಒಗೆದುಕೊಡು ಎಂದು ಹೆಂಡತಿ ಗಂಗವ್ವನಿಗೆ ಕೊಟ್ಟೆ. ಅವಳು ಮುಟ್ಟಲಿಲ್ಲ. "ಬೀಗರು ಜ್ವಾಕಿ ಮಾಡಿ ಇಟ್ಟಿದ್ದು. ಅವರನ್ನ ಒಂದ ಮಾತ ಕೇಳದ ಅದಕ್ಕ ನೀರ ಹಚ್ಚಬ್ಯಾಡ್ರಿ" ಎಂದಳು. ಹೆಂಗಸರಿಗೆ ಬೀಗರೆಂದರೆ ಇರುವ ಅನಾವಶ್ಯಕ ಅಂಜಿಕೆ ಇದು ಎಂದು ನಾನೇ ಹಿತ್ತಲಿಗೆ ಹೋದೆ. ಚಿಮಣಿ ಎಣ್ಣೆಯಲ್ಲಿ ನೆನೆಸಿದೆ, ಸೋಡಾ ಹಾಕಿ ತಿಕ್ಕಿದೆ, ಒಗೆಯುವ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿದೆ. ಕೊಳೆ ಶರಣಾಯಿತು. ಎಳೆ ಎಳೆಯೂ ಕೆಂಪಗೆ ನಕ್ಕಿತು.

ಆಮೇಲೆ ಎಷ್ಟೋ ದಿನ ಗಂಗವ್ವ ಆ ಕಲ್ಲಿನೊಡನೆ ಗುದ್ದಾಡಿದಳು. ಕಲ್ಲಿನ ತೂತುಗಳಲ್ಲಿ ಹೊಕ್ಕು ಕೂತ ಕಲೆ ಎಷ್ಟು ತಿಕ್ಕಿದರೂ ಹೋಗುತ್ತಿಲ್ಲ ಎಂದು ಅವಳ ಗೊಣಗಾಟ. ಅದು ರೈಲಿನ ಮಸಿ, ಹೋಗಲು ತಡವಾಗುತ್ತದೆ ಎಂದು ನಾನು ಹಾಸ್ಯ ಮಾಡಿದೆ. ನನ್ನ ಹಾಸ್ಯಕ್ಕೆ ನಾನೇ ನಕ್ಕೆ.

ಎಳೆಯನ್ನು ಅಂಗಿಯ ಗುಂಡಿಗೆ ಕಟ್ಟಿಕೊಂಡು ಜಮಖಂಡಿಯ ಬಣ್ಣದ ಅಂಗಡಿಗೆ ಹೋದೆ. ಅಂಗಡಿಯವನು ಯಾವುದಕ್ಕೆ ಎಂದು ಕೇಳಿದ. ಎಂಜಿನ್ನಿಗೆ ಎಂದೆ. ಎಂಜಿನ್ ಕೆಂಪಗಿರುತ್ತದೆಯೇ ಎಂದು ಕೇಳಿದ. ಇಂಥವರು ಬಣ್ಣ ಮಾರುತ್ತಾರಲ್ಲ ಎಂದು ಕನಿಕರವೆನಿಸಿತು. ಡಬ್ಬಿಗಳನ್ನು ತಂದು ಕೆಂಪಿಗೆ ಕಂದು ಬೆರೆಸಿ, ಕಂದಿಗೆ ಹನಿ ನೀಲಿ ಬೆರೆಸಿ, ಹಚ್ಚಿ ಒಣಗಿಸಿ, ಕೆರೆದು, ಮತ್ತೆ ಹಚ್ಚಿದೆ. ಕಡೆಗೆ ಆ ಎಳೆಯನ್ನು ಎಂಜಿನ್ನಿನ ಬೆನ್ನ ಮೇಲೆ ಇಟ್ಟರೆ ಎಳೆ ಎಲ್ಲಿದೆ ಎಂದು ನನಗೇ ಕಾಣಲಿಲ್ಲ! ಓಣಿಯವರನ್ನೆಲ್ಲ ಕರೆದು ತೋರಿಸಿದೆ. ಇದು ಯಾವ ದೇವರ ಪಲ್ಲಕ್ಕಿ ಎಂದು ಮಲ್ಲಪ್ಪ ಕೇಳಿದ.

ಬೀಗರು ಬಂದರು. ನಾನು ಪಡಸಾಲೆಯ ನಡುವೆ ಎಂಜಿನ್ ಇಟ್ಟು, ಮೇಲೆ ಶಲ್ಯ ಹೊದಿಸಿ, ಉದ್ಘಾಟನೆಯ ಠೀವಿಯಲ್ಲಿ ಎಳೆದೆ. ಬೀಗರು ನೋಡಿದರು. ಸುತ್ತ ಒಂದು ಸಲ ನಡೆದರು. ಆಮೇಲೆ ಮೆಲ್ಲಗೆ ನಮೂನೆ ಎಲ್ಲಿ ಎಂದು ಕೇಳಿದರು. ಒಗೆದು ಒಣಗಿಸಿ ಮಡಚಿಟ್ಟ ನೂಲನ್ನು ಹೆಮ್ಮೆಯಿಂದ ಕೊಟ್ಟೆ. ಅದನ್ನು ಮೂಗಿನ ಹತ್ತಿರ ಹಿಡಿದರು. ಬರೀ ಸೋಡಾ ವಾಸನೆ ಬಂದಿರಬೇಕು.

"ಇದರ ಮ್ಯಾಲ ಗಟ್ಟಿ ಕುಂತಿತ್ತಲ್ಲರಿ, ಅದು?"

"ಅದು ಹೊಲಸ್ರಿ. ನಾನ ಖುದ್ದ ತೆಗದೆ."

"ಅದ ನನ್ನ ಎಂಜಿನ್ನರಿ ಬೀಗರ" ಎಂದರು.

ಬಣ್ಣ ಹಚ್ಚುವವನು ಕಡೆಯ ಸಲ ಕುಂಚ ಒರೆಸಿ ಎಸೆದ ನೂಲಂತೆ ಅದು. ಎಂಜಿನ್ ಹಸಿರಂತೆ. ಎಷ್ಟು ದಟ್ಟ ಹಸಿರೆಂದರೆ ನಿಲ್ದಾಣದಲ್ಲಿ ನಿಂತವರಿಗೆ ಕಪ್ಪಾಗಿಯೇ ಕಾಣುತ್ತಿತ್ತಂತೆ. ಬೆಳಗಿನ ಬಿಸಿಲಲ್ಲಿ, ಒರೆಸಿದ ಮೇಲೆ, ಅದನ್ನು ಓಡಿಸುವವರಿಗೆ ಮಾತ್ರ ಹಸಿರು ಕಾಣುತ್ತಿತ್ತಂತೆ. ಬೇರೆ ಯಾರಾದರೂ ಆಗಿದ್ದರೆ ಮೊದಲು ಆ ಮೆತ್ತಿದ ಬಣ್ಣವನ್ನೇ ನೋಡುತ್ತಿದ್ದರು. ನಾನು ನೂಲಿನವನು, ನೂಲನ್ನು ನೋಡಿದ್ದೆ.

ಅದೇ ಹೊತ್ತಿಗೆ ಗಂಗವ್ವ ಚಹಾ ತಂದಳು. ನಮ್ಮದೇ ಮಗ್ಗದ ಹಳೆಯ ಸೀರೆ ಉಟ್ಟಿದ್ದಳು. ಬೀಗರ ಕಣ್ಣು ಸೀರೆಯ ದಡಿಗೆ ಹೋಯಿತು, ಅಲ್ಲಿಂದ ಎಂಜಿನ್ನಿಗೆ ಬಂತು, ಮತ್ತೆ ದಡಿಗೆ ಹೋಯಿತು.

"ಮ್ಯಾಚಿಂಗ್ ಛಲೋ ಆಗೇತ್ರಿ" ಎಂದರು.

ಎಂಜಿನ್ ಒರೆಸುವ ವೇಸ್ಟ್ ನೂಲು ನೇಕಾರರ ಊರುಗಳಿಂದಲೇ ಗೋಣಿ ಗೋಣಿ ಹೋಗುತ್ತದೆ. ನಮ್ಮ ಮನೆಯ ಕತ್ತರಿಸಿದ ಎಳೆಗಳನ್ನೂ ನಾನೇ ಎಷ್ಟೋ ವರ್ಷ ಗೋಣಿಯಲ್ಲಿ ತುಂಬಿ ಕಳಿಸಿದ್ದೆ. ನನ್ನದೇ ದಡಿಯ ಬಣ್ಣ ನನ್ನಲ್ಲಿಗೇ ತಿರುಗಿ ಬಂದಾಗ ಗುರುತು ಸಿಗದವನು ಬಣ್ಣದ ಪಂಡಿತ! ನಾಚಿಕೆಯಿಂದ ಬೀಗರ ಮುಖ ನೋಡಲಾಗಲಿಲ್ಲ. ಅವರು ಒಂದು ಮಾತೂ ಬೈಯದೆ ಮುಖ ತೊಳೆಯಲು ಹಿತ್ತಲಿಗೆ ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೋದವರು ಬರಲೇ ಇಲ್ಲ. ನಾವಿಬ್ಬರೂ ಹೋಗಿ ನೋಡಿದರೆ ಒಗೆಯುವ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಕಲ್ಲು ತೊಯ್ದಿತ್ತು, ಬಿಸಿಲು ಓರೆಯಾಗಿ ಬಿದ್ದಿತ್ತು. ಇಷ್ಟು ದಿನ ಕರಿ ಕಲೆ ಎಂದುಕೊಂಡದ್ದು ದಟ್ಟ ಹಸಿರಾಗಿ ಹೊಳೆಯುತ್ತಿತ್ತು.

"ಇಲ್ಲೈತ್ರಿ ನನ್ನ ಎಂಜಿನ್" ಎಂದರು. ಕಲೆಯ ಮೇಲೆ ಮೆಲ್ಲಗೆ ಬೆರಳಾಡಿಸಿದರು.

ಕಲ್ಲನ್ನು ಅಂಗಿಯ ಗುಂಡಿಗೆ ಕಟ್ಟಿಕೊಂಡು ಜಮಖಂಡಿಗೆ ಹೋಗಲಾಗುವುದಿಲ್ಲ. ಆದ್ದರಿಂದ ಬಣ್ಣದ ಡಬ್ಬಿಗಳೇ ಹಿತ್ತಲಿಗೆ ಬಂದವು. ಮಲ್ಲಪ್ಪ ನನ್ನ ದಾಳಿಂಬೆ ಕೆಂಪನ್ನು ಅನಾವಶ್ಯಕ ಉತ್ಸಾಹದಿಂದ ಕೆರೆದು ತೆಗೆದ. ಆ ಕಲೆಯೊಡನೆ ದಿನಾಲೂ ಗುದ್ದಾಡಿದ ಗಂಗವ್ವನಿಗೆ ಅದರ ಗುಣವೆಲ್ಲ ಗೊತ್ತಾಗಿತ್ತು. ಅವಳು ಕಲ್ಲಿಗೆ ನೀರು ಚಿಮುಕಿಸಿ ಬಣ್ಣ ಬೆರೆಸುತ್ತಿದ್ದಳು, ಬೀಗರು ಹೂಂ, ಊಹೂಂ ಎನ್ನುತ್ತಿದ್ದರು. ಇಷ್ಟೆಲ್ಲ ಆದ ಮೇಲೂ ನನಗೆ ತಡೆಯಲಿಲ್ಲ. ಇನ್ನೊಂದು ಹನಿ ಕಪ್ಪು ಬೇಕೇನೋ ಎಂದು ಅಭಿಪ್ರಾಯ ಕೊಡಲು ಬಗ್ಗಿದೆ.

ಗಂಗವ್ವ ತಲೆ ಎತ್ತದೆ ಹೇಳಿದಳು: "ಸ್ವಲ್ಪ ಆ ಕಡೆ ಸರೀರಿ. ನಿಮ್ಮ ನೆರಳ ಬಿದ್ದು ಬಣ್ಣ ಕಾಣವಲ್ದು."

ಸರಿದೆ.