ನಿಂಬೆನೀರು ಕುಡಿದ ಮಾವ

ನಮ್ಮ ಸೋದರಮಾವನನ್ನು ಊಟಕ್ಕೆ ಕರೆದವರು ಆತನ ತಾಟನ್ನು ಮತ್ತೆ ತೊಳೆಯುವ ಅಗತ್ಯವೇ ಇಲ್ಲ! ಉಂಡ ಮೇಲೆ ತಾಟಿಗೆ ನೀರು ಸುರಿದು, ಬೆರಳಾಡಿಸಿ ತೊಳೆದು, ಆ ನೀರನ್ನೂ ಗಟಗಟ ಕುಡಿದುಬಿಡುತ್ತಾನೆ. ಅನ್ನ ಪ್ರಸಾದ, ಒಂದಗುಳೂ ಮೋರಿ ಸೇರಬಾರದು ಎಂಬುದು ನಮ್ಮ ಹಿರಿಯರ ನೇಮ. ಮಾವನ ಊರು ಕೊಟ್ಟೂರಿನಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮಾವ ಕೊಟ್ಟೂರಿನಲ್ಲೇ ಇರಬೇಕಲ್ಲ?

ಕಳೆದ ವರ್ಷ ದಾವಣಗೆರೆಯ ಎಸಿ ಹೋಟೆಲಿನಲ್ಲಿ ನಮ್ಮ ಕಾಲೇಜಿನ ಪ್ರಿನ್ಸಿಪಾಲರ ಜೊತೆ ಕೂತಿದ್ದೆ. ಪೇಟೆಗೆ ಬಂದಿದ್ದ ಮಾವ ನನ್ನನ್ನು ಕಂಡು ತಾನೂ ಬಂದು ಕೂತ. ಊಟದ ಕೊನೆಗೆ ಬೆರಳು ತೊಳೆಯಲು ಬಟ್ಟಲಲ್ಲಿ ಬಿಸಿನೀರು, ಅದರಲ್ಲೊಂದು ನಿಂಬೆಹೋಳು ಬಂತು. ಮಾವ ಅದನ್ನು ತಾಟಿಗೆ ಸುರಿದು, ತೊಳೆದು, ಎತ್ತಿ ಕುಡಿದ!

"ನಿಂಬಿ ಬ್ಯಾರೆ ಹಾಕ್ಯಾರಲೇ, ಭಾಳ ಮರ್ಯಾದಸ್ಥರು."

ವೇಟರ್ ನಿಂತಲ್ಲೇ ನಿಂತ. ಮಾವ ಅತ್ತ ಹೋದೊಡನೆ ಪ್ರಿನ್ಸಿಪಾಲರು, ಇವರು ಯಾರೆಂದು ಕೇಳಿದರು. ನಾನೇನು ಹೇಳಿದೆ ಗೊತ್ತೇ? ನಮ್ಮೂರ ಕಡೆಯವರು, ಬರೀ ಪರಿಚಯ ಎಂದೆ. ತಿರುಗಿದರೆ ಮಾವ ಹಿಂದೆಯೇ ನಿಂತಿದ್ದ.

ಆದರೂ ಆತ ನನ್ನ ಜೊತೆಗೇ, ನನ್ನ ಮನೆಯಿರುವ ಹರಪನಹಳ್ಳಿಯ ಬಸ್ಸು ಹತ್ತಿದ. ನಾನು ಸಮಾಜಶಾಸ್ತ್ರದ ಮೇಷ್ಟರು. ಮುಖ ಉಳಿಸಿಕೊಳ್ಳಲು ದಾರಿಯುದ್ದಕ್ಕೂ ಪಾಠ ಹೊಡೆದೆ: ಸರಿ-ತಪ್ಪು ಆಕಾಶದಿಂದ ಬಿದ್ದದ್ದಲ್ಲ, ಸಮಾಜವೂ ಧರ್ಮವೂ ಕಲಿಸಿದ್ದು. ಒಂದೂರಿನ ಪುಣ್ಯ ಇನ್ನೊಂದೂರಿನ ಹೊಲಸು. ಮಾವ ಎಲ್ಲ ಕೇಳಿ, "ಹಂಗಾರ ನಿನಗ ಭಾಳ ಅನುಕೂಲ ಐತಿ ಬಿಡು" ಎಂದು ಕಣ್ಣು ಮುಚ್ಚಿ ಸೀಟಿಗೊರಗಿದ.

ಮರುದಿನ ಬೆಳಿಗ್ಗೆ ನಮ್ಮ ಅಂಗಳ ಗುಡಿಸುವ ದುರುಗವ್ವ ಚಹಾ ಕುಡಿದು, ಲೋಟ ತೊಳೆದು, ಕಾಂಪೌಂಡಿನ ಗೂಡಿನಲ್ಲಿ ಬೋರಲು ಹಾಕಿದಳು. ಅದು ಆಕೆಗೆಂದೇ ಇಟ್ಟ ಲೋಟ, ಒಳಗೆ ಬರುವುದಿಲ್ಲ. ಮಾವ ಅದೇಕೆ ಹೊರಗಿದೆ ಎಂದು ಕೇಳಿದ. ಓಣಿಯಲ್ಲೆಲ್ಲಾ ಹಾಗೇ, ಆಕೆಗೂ ಬೇಸರವಿಲ್ಲ ಎಂದೆ. ಹೇಳುವಷ್ಟರಲ್ಲಿ ಬಸ್ಸಿನ ಪಾಠ ನೆನಪಾಯಿತು.

"ನನ್ನ ತಾಟು ನೋಡಿ ನಾಚಿದಿ. ಈ ಲೋಟ ನೋಡಿ ನಾಚಿಕಿ ಬರಲಿಲ್ಲೇನು?" ಎಂದ ಮಾವ. ಆಮೇಲೆ ತಾನೇ ತಲೆ ತಗ್ಗಿಸಿದ. "ನಮ್ಮ ಮನ್ಯಾಗೂ ಐತಿ. ಅದನ್ನೂ ಹಿರಿಯರು ನೇಮ ಅಂತನ ಕಲಿಸಿದ್ರು. ನಾನೂ ಸುಮ್ನ ಇದ್ದೆ."

ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಒಳಗಿನ ಲೋಟಗಳಲ್ಲಿ ಚಹಾ ತಂದು, ಪಡಸಾಲೆಗೆ ಬಾ ಎಂದು ದುರುಗವ್ವನನ್ನು ಕರೆದೆ. ಆಕೆ ಹೊಸ್ತಿಲಾಚೆಯೇ ಕೂತಳು.

"ಬ್ಯಾಡ್ರಿ ಸರ. ಯಾರರ ನೋಡಿದ್ರ ನಿಮಗ ಕೆಟ್ಟ ಅನಿಸ್ತೈತಿ."

ಆಕೆಗೆ ನನ್ನ ಮಾನದ ಚಿಂತೆ! ಲೋಟ ಹಿಡಿದುಕೊಂಡು ಹೊಸ್ತಿಲ ಒಳಗೇ ನಿಂತಿದ್ದೆ. ಹೋಟೆಲಿನಲ್ಲಿ ನಾನೇ ಬರೀ ಪರಿಚಯ ಎಂದು ದೂರ ತಳ್ಳಿದ್ದ ಮಾವ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ನಡಿಯಪ್ಪಾ, ಅಕಿ ಕುಂತಲ್ಲೇ ನಾವೂ ಹೋಗಿ ಕುಂದ್ರೋಣು."