ಕಲೆ ಉಳಿಸದ ನೀರು

ನನ್ನ ತಮ್ಮನಷ್ಟು ಸಂಶಯದಿಂದ ನೀರನ್ನು ನೋಡುವ ಮನುಷ್ಯ ಮೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ ಮಕ್ಕಳೇ. ಬೇರೆಯವರು ನೀರನ್ನು ಕುಡಿದು ಗುಣ ಹೇಳುತ್ತಾರೆ. ಅವನು ಕಾರಿನ ಮೇಲೆ ಸುರಿದು, ಒಣಗಲು ಬಿಟ್ಟು, ಆಮೇಲೆ ಹೇಳುತ್ತಾನೆ. ನಮ್ಮ ಅಂಗಳದ ಬಾವಿ ಇರಬೇಕೋ ಬೇಡವೋ ಎಂಬುದೂ ಒಂದು ದಿನ ಹಾಗೆಯೇ ತೀರ್ಮಾನವಾಯಿತು.

ವೇಣೂರಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತನಾದ ಮೇಲೆ ಅವನು ಒಂದು ಕಪ್ಪು ಕಾರು ತೆಗೆದುಕೊಂಡ. ಕಪ್ಪೇ ಯಾಕೆ? ಬಾನೆಟ್ಟಿನಲ್ಲಿ ಆಕಾಶ ಕಾಣಬೇಕಂತೆ. ಕಾಣುತ್ತದೆ ಕೂಡ. ಬಿ.ಸಿ.ರೋಡಿನ ನಮ್ಮ ಮನೆಯಂಗಳದಲ್ಲಿ ಅದು ನಿಂತಾಗ ಮೋಡಗಳು ಅದರ ಮೇಲೆ, ಎಲ್ಲಿಗೂ ತಲುಪುವ ಅವಸರವಿಲ್ಲದ ಹಾಗೆ, ಮೆಲ್ಲನೆ ಸಾಗುತ್ತವೆ. ಕೈಯಲ್ಲಿದ್ದ ಕೆಲಸ ಮರೆತು ನಾನೂ ನೋಡುತ್ತಾ ನಿಲ್ಲುತ್ತೇನೆ. ಆದರೆ ಅವನಿಗೆ ಕಾಣುವುದು ಮೋಡವಲ್ಲ, ಮೋಡದ ನಡುವಿನ ಬಿಳಿ ಚುಕ್ಕೆ. ಬೋರ್‌ವೆಲ್ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಟ್ಟಾಗ ಉಳಿಯುವ ಕಲೆ.

ಮೊದಲು ಹಿತ್ತಿಲಿನ ಹುಳಿಕಾಯಿ ಬಿಂಬುಳಿಯ ಪ್ರಯೋಗ ನಡೆಯಿತು. ಬಿಂಬುಳಿಯಲ್ಲಿ ತಿಕ್ಕಿದರೆ ದೇವರ ದೀಪ ಬೆಳಗುತ್ತದೆ, ಕಾರು ಯಾಕೆ ಬೆಳಗಬಾರದು? ನಡುಮಧ್ಯಾಹ್ನ, ಕಾದ ಬಾನೆಟ್ಟಿಗೆ ಹುಳಿ ರಸ ಬಳಿದು ಊಟಕ್ಕೆ ಕೂತ. ಕೈ ತೊಳೆದು ಬಂದು ನೋಡಿದರೆ ಕಲೆಯ ಜೊತೆ ಹೊಳಪೂ ಹೋಗಿತ್ತು.

"ಸ್ವಲ್ಪ ಉಪ್ಪು, ಮೆಣಸಿನ ಹುಡಿ ಹಾಕಿದ್ರೆ ಮಳೆಗಾಲಕ್ಕೆ ಉಪ್ಪಿನಕಾಯಿ ಆಗ್ತಿತ್ತು," ಎಂದಳು ಅವನ ಹೆಂಡತಿ.

ಆಮೇಲೆ ಸರಿಯಾದ ಕ್ರಮ ಕಲಿತ. ಅರ್ಧ ವಿನೆಗರ್, ಅರ್ಧ ನೀರು, ಮೆತ್ತನೆಯ ಬಟ್ಟೆ, ನೆರಳು. ಕಲೆಯೇನೋ ಹೋಗುತ್ತಿತ್ತು. ಆದರೆ ಕೊನೆಗೆ ತೊಳೆಯುವ ನೀರೇ ಹೊಸ ಕಲೆ ಬಿಡುತ್ತಿತ್ತು.

"ಒಣ ಬಟ್ಟೆಯಲ್ಲಿ ಒರೆಸಿದ್ರೆ ಆಯ್ತಲ್ಲ?" ಎಂದೆ.

"ಒರೆಸಿದ್ರೆ ನೀರಿನ ಬುದ್ಧಿ ಗೊತ್ತಾಗುವುದು ಹೇಗೆ ಅಕ್ಕ?"

ಹಾಗೆ ಕಲೆ ಉಳಿಸದ ನೀರನ್ನು ಹುಡುಕುತ್ತಾ ಹೊರಟ. ಮೂಡುಬಿದಿರೆಯಲ್ಲಿ ಅವನ ಮಗಳ ಅತ್ತೆ, ನಮ್ಮ ಕಡೆಯ ಕ್ರಮದಂತೆ, ಬಂದ ಕೂಡಲೇ ಬೆಲ್ಲ ನೀರು ತಂದಿಟ್ಟರು. ಇವನು ಬೆಲ್ಲವನ್ನು ಬಾಯಿಗೆ ಹಾಕಿಕೊಂಡ, ನೀರಿನ ಚೊಂಬು ಹಿಡಿದು ಅಂಗಳಕ್ಕಿಳಿದ, ಬಾನೆಟ್ಟಿನ ಮೇಲೆ ಸುರಿದ. ಒಣಗುವ ತನಕ ಮನೆಯವರೆಲ್ಲ ಮಂಗಳಾರತಿಗೆ ನಿಂತ ಹಾಗೆ ನಿಂತಿದ್ದರಂತೆ. "ನಿಮ್ಮ ನೀರಿನಲ್ಲಿ ಸುಣ್ಣ ಉಂಟು," ಎಂದು ತೀರ್ಪು ಕೊಟ್ಟು ಬಂದ. ಈಗ ಆ ಮನೆಯಲ್ಲಿ ಅವನಿಗೆ ಬೆಲ್ಲದ ಜೊತೆ ಮಜ್ಜಿಗೆ ಕೊಡುತ್ತಾರೆ.

ಅದೇ ಸಮಯಕ್ಕೆ ನಿಮ್ಮ ಅಪ್ಪ ಬಾವಿ ಮುಚ್ಚುವ ಮಾತು ತೆಗೆದ. ಅವನ ತಪ್ಪಲ್ಲ. ಮನೆಗೆ ನಳ್ಳಿ ನೀರು ಬಂದಿತ್ತು, ನೀವೋ ಅಂಗಳವಿಡೀ ಓಡುವ ಮಕ್ಕಳು. ನಾನು "ಆಯ್ತು" ಎಂದೆ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ನಾಚಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ನಿಮ್ಮ ಅಜ್ಜನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಆ ಬಾವಿಯ ನೀರಿನಲ್ಲಿ. ಪಕ್ಕದಲ್ಲೇ ಬಗ್ಗಿ ನಿಂತಿದ್ದರು, ನೀರು ಅಲುಗಿದಾಗ ಅವರು ನಕ್ಕರೋ ನೀರು ನಕ್ಕಿತೋ ತಿಳಿಯಲಿಲ್ಲ. ಅವರು ಹೋದ ಮೇಲೂ ದಿನಕ್ಕೊಮ್ಮೆ ಬಗ್ಗಿ ನೋಡುತ್ತೇನೆ. ಇದನ್ನೆಲ್ಲ ಮಗನಿಗೆ ಹೇಗೆ ಹೇಳುವುದು?

ಸೋಮವಾರ ಮಣ್ಣಿನ ಲಾರಿ ಬರುವುದಿತ್ತು. ಭಾನುವಾರ ತಮ್ಮ ಬಂದ. ಒಂದು ಕೊಡಪಾನ ನೀರು ಸೇದಿ ಬಾನೆಟ್ಟಿಗೆ ಸುರಿದ. ಹತ್ತಿರ ಬಂದ ನಿಮ್ಮ ಅಪ್ಪನನ್ನು, "ಬರ್ಬೇಡ ಮಾರಾಯ, ಉಸಿರು ತಾಗಿದ್ರೆ ಪರೀಕ್ಷೆ ಹಾಳಾಗ್ತದೆ," ಎಂದು ಜಗಲಿಗೆ ಅಟ್ಟಿದ. ನೀರು ಒಣಗಿತು. ಅವನು ಕನ್ನಡಕ ಏರಿಸಿ, ಬಗ್ಗಿ, ಬಹಳ ಹೊತ್ತು ನೋಡಿದ.

"ಒಂದು ಚುಕ್ಕೆ ಇಲ್ಲ. ಮೂರು ತಾಲೂಕು ಸುತ್ತಿದೆ, ಇಂಥ ನೀರು ಸಿಗ್ಲಿಲ್ಲ. ಈ ಬಾವಿ ಮುಚ್ಚುವುದಾದ್ರೆ ಮೊದಲು ನನ್ನ ಕಾರನ್ನು ಒಳಗೆ ಹಾಕಿ ಮುಚ್ಚು."

"ಬೇಡ ಮಾವ, ಮೇಲಿಂದ ಕಬ್ಬಿಣದ ಬಲೆ ಹಾಕಿಸ್ತೇನೆ," ಎಂದು ನಿಮ್ಮ ಅಪ್ಪ ನಗುತ್ತಾ ಲಾರಿಯವನಿಗೆ ಫೋನು ಮಾಡಲು ಒಳಗೆ ಹೋದ.

ನಾನು ಚಹಾ ಹಿಡಿದು ಅಂಗಳಕ್ಕಿಳಿದೆ. ಬಾನೆಟ್ಟಿನ ತುಂಬ ಬಿಳಿ ಬಿಳಿ ಉಂಗುರಗಳು. ಮೂಡುಬಿದಿರೆಯ ನೀರೂ ಇಷ್ಟು ಕಲೆ ಬಿಟ್ಟಿರಲಾರದು. ತಮ್ಮ ವಿನೆಗರ್ ಬಟ್ಟೆ ಹಿಡಿದು ಅವಸರ ಅವಸರವಾಗಿ ಒರೆಸುತ್ತಿದ್ದ.

ತಲೆ ಎತ್ತದೆಯೇ ಹೇಳಿದ: "ಬೇಡ ಅಂತ ಬಾಯಿಬಿಟ್ಟು ಹೇಳುವವಳಲ್ಲ ನೀನು. ಯಾರಾದ್ರೂ ಹೇಳ್ಬೇಕಲ್ಲ ಅಕ್ಕ."

ಈಗಲೂ ಭಾನುವಾರ ಬಂದು ಎರಡು ಕ್ಯಾನ್ ನೀರು ತುಂಬಿಸಿಕೊಂಡು ಹೋಗುತ್ತಾನೆ. ವೇಣೂರಿನಲ್ಲಿ ಅದರಲ್ಲೇ ಕಾರು ತೊಳೆಯುತ್ತಾನಂತೆ. ಆಮೇಲೆ ಸಂಜೆಯವರೆಗೆ ನೆರಳಿನಲ್ಲಿ ಕೂತು ಒಂದೊಂದೇ ಕಲೆ ಒರೆಸುತ್ತಾನಂತೆ.